ಮೀನಿನ ಏಣಿ, ನಮ್ಮೂರ ಬೀಮು

ಕಿಕ್ಕೇರಿ ಅಂದ ತಕ್ಷಣ ಬೆಂಗಳೂರಿನ ಸ್ನೇಹಿತರು ಕೇಳೋ ಪ್ರಶ್ನೆ ಒಂದೇ: "ಕೆ.ಎಸ್. ನರಸಿಂಹಸ್ವಾಮಿಯವರ ಊರಲ್ವಾ?" ಹೌದು, ಕವಿ ಹುಟ್ಟಿದ್ದು ನಮ್ಮೂರಲ್ಲೇ, 1915ರಲ್ಲಿ. ಸ್ವಲ್ಪ ಇತಿಹಾಸ ಓದಿಕೊಂಡವರಾದ್ರೆ ಬ್ರಹ್ಮೇಶ್ವರ ದೇವಸ್ಥಾನದ ಬಗ್ಗೆಯೂ ಕೇಳ್ತಾರೆ. ಅದು ಹೊಯ್ಸಳರ ಕಾಲದ್ದು, 1171ರಲ್ಲಿ ಬಮ್ಮವೆ ನಾಯಕಿತಿ ಕಟ್ಟಿಸಿದ್ದು. ಇವೆರಡರ ಜೊತೆ ಊರಲ್ಲಿ ಇನ್ನೊಂದು ನಿರ್ಮಾಣವೂ ಕೆಲವು ದಿನ ಇತ್ತು. ಕಾಲ 2020. ಶೈಲಿ ಜಪಾನಿ. ಕಟ್ಟಿಸಿದವನು ನಾನು. ದೇವಸ್ಥಾನ ಎಂಟುನೂರು ವರ್ಷದಿಂದ ನಿಂತಿದೆ. ನನ್ನದು ಎಂಟು ವಾರವೂ ನೆಟ್ಟಗೆ ನಿಲ್ಲಲಿಲ್ಲ.

ಅದರ ಹೆಸರು ಸಾಮನ್ ಲ್ಯಾಡರ್. ಸಾಮನ್ ಅನ್ನೋ ಮೀನು ಮೊಟ್ಟೆ ಇಡೋಕೆ ಹೊಳೆಯ ನೀರಿಗೆ ಎದುರಾಗಿ ಹಾರಿ ಹಾರಿ ಮೇಲಕ್ಕೆ ಹೋಗುತ್ತಲ್ಲ, ಅದರಿಂದ ಬಂದ ಹೆಸರು. ಎರಡು ಕಂಬ. ಎರಡಕ್ಕೂ ಎದುರುಬದುರಾಗಿ, ಅಡಿಗೊಂದರಂತೆ ಮೇಲ್ಮುಖವಾದ ಕೊಕ್ಕೆ. ಕೆಳಗಿನ ಜೋಡಿ ಕೊಕ್ಕೆ ಮೇಲೆ ಅಡ್ಡಲಾಗಿ ಕೂತ ಒಂದು ಸರಳು, ಎಲ್ಲೂ ಬಿಗಿದಿರೋದಿಲ್ಲ. ಎರಡೂ ಕೈಯಲ್ಲಿ ಸರಳಿಗೆ ಜೋತುಬಿದ್ದು, ಮೈಯನ್ನ ಜೋರಾಗಿ ಮೇಲಕ್ಕೆಳೆದು, ತೂಕ ಹಗುರಾದ ಆ ಚಿಟಿಕೆ ಹೊತ್ತಲ್ಲಿ ಸರಳನ್ನೇ ಎತ್ತಿ ಮೇಲಿನ ಕೊಕ್ಕೆಗೆ ಇಡಬೇಕು. ಅಂದ್ರೆ ಏಣಿ ಹತ್ತುವವನು ಮೆಟ್ಟಿಲನ್ನೂ ಜೊತೆಗೆ ಹೊತ್ತುಕೊಂಡು ಹೋಗ್ತಾನೆ. ಎಡಗೈ ಮೇಲೆ ಹೋಗಿ ಬಲಗೈ ಕೆಳಗೇ ಉಳಿದರೆ ಸರಳು ಓರೆಯಾಗುತ್ತೆ, ಜಾರುತ್ತೆ, ಆಟ ಮುಗಿಯಿತು.

ನಮ್ಮ ವಯಸ್ಸಿನವರಿಗೆ ಇದರ ಮೂಲ ನೆನಪಿರುತ್ತೆ. ಹಾಸ್ಟೆಲಿನ ಟಿವಿ ರೂಮಲ್ಲಿ ಪೋಗೋ ಚಾನೆಲ್ಲಿನ 'ತಕೇಶೀಸ್ ಕ್ಯಾಸಲ್' ನೋಡಿ, ಜಾವೇದ್ ಜಾಫ್ರಿಯ ಹಿಂದಿ ಕಾಮೆಂಟರಿಗೆ ಬಿದ್ದು ಬಿದ್ದು ನಕ್ಕಿದ್ದೀವಲ್ಲ. ಅದನ್ನು ಮಾಡಿದ ಜಪಾನಿನ ಟಿಬಿಎಸ್ ಚಾನೆಲ್ಲೇ 1997ರಲ್ಲಿ 'ಸಾಸುಕೆ' ಶುರು ಮಾಡಿತು. ಹೊರಗಿನ ಪ್ರಪಂಚಕ್ಕೆ ಅದು 'ನಿಂಜಾ ವಾರಿಯರ್'. ಅದರ ಎರಡನೇ ಹಂತದ ಹೆಸರುವಾಸಿ ಅಡೆತಡೆಯೇ ಈ ಮೀನಿನ ಏಣಿ. 'ಆರೋ' ಸೀರಿಯಲ್ಲಿನ ನಾಯಕ ಅಂಗಿ ಬಿಚ್ಚಿ ಇದನ್ನು ಹತ್ತಿದ ಮೇಲಂತೂ ಜಿಮ್ಮಿಗೆ ಹೋಗೋ ಹುಡುಗರಿಗೆಲ್ಲ ಇದೊಂದು ಗೀಳಾಯ್ತು. ನನಗೂ ಹಿಡಿಯಿತು.

ಈ ಬರಹ ಎರಡು ವಸ್ತುಗಳ ವಿಮರ್ಶೆ. ಒಂದು, ಟಿವಿಯಲ್ಲಿ ಕಾಣೋ ಆ ಏಣಿ. ಇನ್ನೊಂದು, ಅದರ ನಕಲಾಗಿ ನಮ್ಮ ಹಿತ್ತಲಲ್ಲಿ ನಾನು ನೆಟ್ಟಿದ್ದು. ಎರಡನೆಯದು ಮೊದಲನೆಯದರ ಬಗ್ಗೆ ಏನು ಹೇಳಿತು ಅನ್ನೋದು ನನಗೆ ಮುಖ್ಯ.

ಮೊದಲು ಕಾರ್ಯಕ್ರಮದ ಬಗ್ಗೆ. ಜಪಾನಿನ ಸಾಸುಕೆ ಹೆಚ್ಚುಕಮ್ಮಿ ಕ್ರೂರ ಅನ್ನಿಸುವಷ್ಟು ಪ್ರಾಮಾಣಿಕವಾದ ಆಟ. ಸಾಮಾನ್ಯವಾಗಿ ನೂರು ಜನ ಸ್ಪರ್ಧಿಗಳು, ನಾಲ್ಕು ಹಂತ. ಬಹುಪಾಲು ಜನ ಮೊದಲ ಹಂತದಲ್ಲೇ ನೀರಿಗೆ ಬೀಳ್ತಾರೆ. ಎಷ್ಟೋ ಸಲ ಕೊನೇ ಹಂತಕ್ಕೆ ಯಾರೂ ತಲುಪೋದೇ ಇಲ್ಲ, ಗೆದ್ದವರಿಲ್ಲದೇ ಕಾರ್ಯಕ್ರಮ ಮುಗಿಯುತ್ತೆ. 1997ರಿಂದ 2020ರವರೆಗೆ ಪೂರ್ತಿ ಗೆದ್ದವರು ನಾಲ್ಕೇ ಜನ. 1999ರಲ್ಲಿ ಮೊದಲು ಗೆದ್ದ ಅಕಿಯಾಮಾ ಏಡಿ ಹಿಡಿಯೋ ಮೀನುಗಾರ. 2006ರಲ್ಲಿ ಗೆದ್ದ ನಾಗಾನೋ ಮೀನುದೋಣಿಯ ಕ್ಯಾಪ್ಟನ್. ಹಗ್ಗ ಎಳೆದು ಎಳೆದು ಗಟ್ಟಿಯಾದ ಕೈಗಳು. ಅಲ್ಲಿ ನಾಯಕನ ಪಾತ್ರ ಅಡೆತಡೆಯದ್ದು. ಮನುಷ್ಯ ಬರ್ತಾನೆ, ಬೀಳ್ತಾನೆ. ಅಡೆತಡೆ ನಿಂತೇ ಇರುತ್ತೆ.

ಅಮೆರಿಕದವರು 2009ರಿಂದ ಮಾಡಿದ ಆವೃತ್ತಿಯಲ್ಲಿ ಇದು ತಲೆಕೆಳಗಾಯಿತು. ಅಲ್ಲಿ ಓಟ ಎರಡು ನಿಮಿಷವಾದರೆ ಅದಕ್ಕೂ ಮೊದಲು ಸ್ಪರ್ಧಿಯ ಕಷ್ಟದ ಕತೆ, ಅಮ್ಮನ ಕಣ್ಣೀರು, ಪಿಯಾನೋ. ಕತೆ ಇಲ್ಲದವನು ಎಷ್ಟು ಚೆನ್ನಾಗಿ ಹತ್ತಿದರೂ ಜಾಹೀರಾತಿನ ನಡುವೆ ಮಾಯ. ಹಾಗಂತ ಅದರಲ್ಲಿ ಒಳ್ಳೆಯದೇ ಇಲ್ಲ ಅಂತಲ್ಲ. 2014ರಲ್ಲಿ ಐದಡಿ ಎತ್ತರದ ಕೇಸಿ ಕಟಂಜಾರೊ ಹದಿನಾಲ್ಕು ಅಡಿಯ ಬಾಗಿದ ಗೋಡೆಯನ್ನು ಓಡಿ ಹತ್ತಿದ್ದನ್ನು ನಾನು ಹತ್ತು ಸಲವಾದರೂ ನೋಡಿದ್ದೀನಿ. ಆದ್ರೆ 2015ರಲ್ಲಿ ನಡೆದದ್ದು ನೋಡಿ. ಕೊನೆಯ ಹಂತ, ಎಪ್ಪತ್ತೈದು ಅಡಿ ಹಗ್ಗ, ಮೂವತ್ತು ಸೆಕೆಂಡು. ಜೆಫ್ ಬ್ರಿಟನ್ ಹತ್ತಿದ. ಆ ದೇಶದಲ್ಲಿ ಪೂರ್ತಿ ಗೆದ್ದ ಮೊದಲ ಮನುಷ್ಯ. ಅವನ ಹಿಂದೆಯೇ ಐಸಾಕ್ ಕಾಲ್ಡಿಯೆರೊ ಅನ್ನೋ ಬಂಡೆ ಹತ್ತುವ ಹುಡುಗ ಮೂರೂವರೆ ಸೆಕೆಂಡು ಬೇಗ ಹತ್ತಿದ. ಹತ್ತು ಲಕ್ಷ ಡಾಲರ್ ಪೂರ್ತಿ ಅವನಿಗೆ. ಬ್ರಿಟನ್‌ಗೆ ಸೊನ್ನೆ. ಅಡೆತಡೆಯನ್ನು ಗೆದ್ದರೆ ಸಾಲದು, ಪಕ್ಕದವನನ್ನೂ ಗೆಲ್ಲಬೇಕು ಅಂತಾದ ಕ್ಷಣ ಅದು. ಆಗ ನನಗೆ ಅನ್ನಿಸಿದ್ದು ಇಷ್ಟೇ: ಈ ರಗಳೆ ಯಾವುದೂ ಬೇಡ, ಬರೀ ಅಡೆತಡೆ ಸಿಕ್ಕಿದರೆ ಎಷ್ಟು ಚೆನ್ನ.

ಅದಕ್ಕೆ ಕಟ್ಟಿದೆ. 2020ರಲ್ಲಿ ಆಫೀಸು ಲ್ಯಾಪ್‌ಟಾಪಿನೊಳಗೆ ಬಂತು, ನಾನು ಬೆಂಗಳೂರಿನ ರೂಮು ಬಿಟ್ಟು ಊರಿಗೆ ಬಂದೆ. ಹನ್ನೆರಡು ಅಡಿಯ ಎರಡು ನೀಲಗಿರಿ ಕಂಬ ತಂದೆ. ಎರಡೂವರೆ ಅಡಿ ಗುಂಡಿ ತೋಡಿ, ಕಲ್ಲು ಮಣ್ಣು ಹಾಕಿ ದಮ್ಮಸ್ಸು ಮಾಡಿ ನೆಟ್ಟೆ. ನಡುವೆ ನಾಲ್ಕಡಿ ಅಂತರ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ ಆರು ಜೊತೆ ಕೊಕ್ಕೆ ಮಾಡಿಸಿದೆ. ಸರಳಿಗೆ ಒಂದು ಇಂಚಿನ ಜಿಐ ಪೈಪು, ಐದಡಿ ಉದ್ದ, ಮೂರೂವರೆ ಕೆಜಿ ಮೇಲೆ. ಕೆಳಗೆ ರಾಗಿ ಹುಲ್ಲು ಹರಡಿದೆ. ಅಪ್ಪ ಜಗಲಿ ಮೇಲೆ ಕೂತು ಎಲ್ಲಾ ನೋಡ್ತಿದ್ರು.

"ಏನ್ ಮಗಾ ಇದು, ಉಯ್ಯಾಲೆಯಾ?"

"ಇಲ್ಲ ಅಪ್ಪ. ಏಣಿ."

"ಮೆಟ್ಲೇ ಇಲ್ವಲ್ಲೋ!"

"ಮೆಟ್ಲು ನಾವೇ ತಕೊಂಡ್ ಹೋಗ್ಬೇಕು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಕಂಪ್ನಿಲಿ ಕೆಲ್ಸ ಕಮ್ಮಿ ಅಂತ ಕಾಣ್ತದೆ" ಅಂದ್ರು.

ಮೊದಲ ಸಲ ಎಳೆದಾಗ ಎಡಗಡೆ ಮೇಲೆ ಹೋಯ್ತು, ಬಲಗಡೆ ಹೋಗಲಿಲ್ಲ. ಹುಲ್ಲಿನ ಮೇಲೆ ಅಂಡೂರಿ ಬಿದ್ದೆ. ಹತ್ತನೇ ದಿನಕ್ಕೆ ಒಂದು ಮೆಟ್ಟಿಲು, ಇಪ್ಪತ್ತನೇ ದಿನಕ್ಕೆ ಎರಡು. ಅಷ್ಟರಲ್ಲಿ ಒಂದು ವಿಚಿತ್ರ ಶುರುವಾಯ್ತು. ನಿನ್ನೆ ಸಲೀಸಾಗಿ ಕೂರ್ತಿದ್ದ ಸರಳು ಇವತ್ತು ಕೂರೋದಿಲ್ಲ. ನನ್ನದೇ ತಪ್ಪು ಅಂದ್ಕೊಂಡು ವಿಡಿಯೋ ತೆಗೆದು, ಒಂದೊಂದು ಫ್ರೇಮೂ ನಿಲ್ಲಿಸಿ ನೋಡಿದೆ. ಕೈ ಸರಿಯಾಗೇ ಹೋಗ್ತಿತ್ತು. ಟೇಪು ಹಿಡಿದು ಅಳೆದರೆ ಬಲಗಡೆ ಕೊಕ್ಕೆಗಳು ಒಂದು ಬೆರಳಿನಷ್ಟು ತಿರುಗಿವೆ. ಕಂಬ ಹಸಿಯಾಗಿತ್ತು. ಹಸಿ ನೀಲಗಿರಿ ಒಣಗ್ತಾ ಒಣಗ್ತಾ ಸೀಳುತ್ತೆ, ತಿರುಚಿಕೊಳ್ಳುತ್ತೆ. ಸಾಲದ್ದಕ್ಕೆ ಎರಡು ಕಂಬದ ತಲೆಗೂ ಅಡ್ಡಪಟ್ಟಿ ಕಟ್ಟಿರಲಿಲ್ಲ. ಪ್ರತಿ ಎಳೆತಕ್ಕೂ ಅವು ಒಂದರ ಕಡೆಗೊಂದು ವಾಲ್ತಾ, ಬುಡದ ಮಣ್ಣು ಸಡಿಲವಾಗ್ತಿತ್ತು. ಅಪ್ಪನಿಗೆ ಇದೆಲ್ಲ ಮೊದಲ ದಿನವೇ ಗೊತ್ತಿತ್ತು. "ಹಸಿ ಮರ ನೆಟ್ರೆ ಇನ್ನೇನಾದಾತು? ನೀನ್ ಕೇಳ್ಲಿಲ್ಲ, ನಾನ್ ಹೇಳ್ಲಿಲ್ಲ" ಅಂದ್ರು.

ಇಂಥ ನಕಲು ಕಟ್ಟೋದು ನನ್ನೊಬ್ಬನ ಹುಚ್ಚಲ್ಲ. ಜರ್ಮನಿಯ ವೋಲ್ಫ್‌ಗಾಂಗ್ ಗ್ಯುಲಿಶ್ 1988ರಲ್ಲಿ ನ್ಯೂರೆಂಬರ್ಗಿನ ಜಿಮ್ಮೊಂದರಲ್ಲಿ ಓರೆಯಾದ ಹಲಗೆಗೆ ಮರದ ಪಟ್ಟಿ ಹೊಡೆದು, ಕಾಲು ಮುಟ್ಟಿಸದೆ ಬರೀ ಬೆರಳಲ್ಲಿ ಹತ್ತೋ ಅಭ್ಯಾಸ ಶುರು ಮಾಡಿದ. ಇವತ್ತು ಪ್ರಪಂಚದ ಕ್ಲೈಂಬಿಂಗ್ ಜಿಮ್ಮುಗಳಲ್ಲೆಲ್ಲ ಕಾಣೋ ಕ್ಯಾಂಪಸ್ ಬೋರ್ಡು ಅದೇ. ಇನ್ನೂ ಹತ್ತಿರದ ಕತೆ: ಫಿನ್ಲೆಂಡಿನಲ್ಲಿ 'ಬರ್ಡನ್ ಆಫ್ ಡ್ರೀಮ್ಸ್' ಅನ್ನೋ ಬಂಡೆ ದಾರಿಯನ್ನು ನಾಲೆ ಹುಕ್ಕತೈವಲ್ 2016ರಲ್ಲಿ ಹತ್ತಿದ. ಆಮೇಲೆ ವರ್ಷಗಟ್ಟಲೆ ಬೇರೆ ಯಾರಿಗೂ ಆಗಲಿಲ್ಲ. ಇಂಗ್ಲೆಂಡಿನವರು ಆ ಬಂಡೆಯ ಹಿಡಿಕೆಗಳನ್ನ ಸ್ಕ್ಯಾನ್ ಮಾಡಿ, ಅಚ್ಚುಕಟ್ಟಾಗಿ ನಕಲು ಮಾಡಿ, ಊರಲ್ಲೇ ಗೋಡೆಗೆ ಹಾಕಿಕೊಂಡ್ರು. ಅದರ ಮೇಲೆ ತಿಂಗಳುಗಟ್ಟಲೆ ತಾಲೀಮು ಮಾಡಿದ ವಿಲ್ ಬೋಸಿ 2023ರಲ್ಲಿ ಹೋಗಿ ಅಸಲಿ ಬಂಡೆಯನ್ನೇ ಹತ್ತಿಬಿಟ್ಟ.

ಇದು ಅಸಲಿಗೆ ಒಂದೇ ಜಾಗವಿರೋ ನಕಲು. ಅಸಲೇ ಇಲ್ಲದ ನಕಲೂ ಇದೆ. ಒಲಿಂಪಿಕ್ಸಿನ ಸ್ಪೀಡ್ ಕ್ಲೈಂಬಿಂಗ್ ಗೋಡೆ ನೋಡಿ: 15 ಮೀಟರ್ ಎತ್ತರ, 5 ಡಿಗ್ರಿ ಮುಂದಕ್ಕೆ ವಾಲಿರುತ್ತೆ, ಹಿಡಿಕೆಗಳ ಆಕಾರ, ಜಾಗ ಎಲ್ಲಾ ಪ್ರಪಂಚದ ತುಂಬ ಒಂದೇ. ಜಕಾರ್ತದ ಗೋಡೆ ಪ್ಯಾರಿಸ್ಸಿನದರ ನಕಲೋ, ಪ್ಯಾರಿಸ್ಸಿನದು ಜಕಾರ್ತದ್ದೋ, ಆ ಪ್ರಶ್ನೆಗೇ ಅರ್ಥವಿಲ್ಲ. ಹಾಗಾಗೇ 2024ರಲ್ಲಿ ಇಂಡೋನೇಷ್ಯಾದ ವೆಡ್ರಿಕ್ ಲಿಯೊನಾರ್ಡೊ 4.75 ಸೆಕೆಂಡಲ್ಲಿ ಹತ್ತಿ ಚಿನ್ನ ತಗೊಂಡ. ತನ್ನ ಊರಲ್ಲಿ ಸಾವಿರಾರು ಸಲ ಹತ್ತಿದ ಅದೇ ಗೋಡೆಯನ್ನ ಇನ್ನೊಂದು ಸಲ ಹತ್ತಿದ, ಅಷ್ಟೇ. ಬಡ ದೇಶಗಳಿಗೆ ಇದರಲ್ಲಿ ಒಂದು ನ್ಯಾಯ ಇದೆ ಅನ್ನಿಸುತ್ತೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ಎಲ್ಲರ ಕೈಲೂ ಇದೆ.

ಸಾಸುಕೆ ಇವೆರಡರ ತದ್ವಿರುದ್ಧ. ಅಲ್ಲಿ ಸ್ಪರ್ಧಿಗಳು ಹಿತ್ತಲಲ್ಲಿ ನಕಲು ಕಟ್ಟಿಕೊಂಡು ಪಳಗಿದ ಹಾಗೆಲ್ಲ ಸಂಘಟಕರು ಅಡೆತಡೆ ಬದಲಾಯಿಸ್ತಾರೆ. ಯಾರಾದ್ರೂ ಪೂರ್ತಿ ಗೆದ್ದರಂತೂ ಮುಂದಿನ ಸಲ ಕೋರ್ಸೇ ಹೊಸದು.

ನಮ್ಮಲ್ಲಿ ಇನ್ನೂ ಹಳೆಯ ಉದಾಹರಣೆ ಇದೆ, ಮಲ್ಲಕಂಬ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲೇ ಇದರ ಪ್ರಸ್ತಾಪವಿದೆ. ಕುಸ್ತಿಯವರ ತಾಲೀಮಿಗೆ ಅಂತ ನೆಟ್ಟ ಕಂಬ ಅದು, ಅಂದ್ರೆ ಎದುರಾಳಿಯ ನಕಲು. ಎಣ್ಣೆ ಸವರಿದ ಕಂಬವನ್ನ ತಬ್ಬಿ, ಸುತ್ತಿ, ಕತ್ತರಿ ಹಾಕಿ, ಬೆವರಿದ ಎದುರಾಳಿಯ ಮೈ ಜಾರುವುದನ್ನ ಅಭ್ಯಾಸ ಮಾಡೋದು. ಬರ್ತಾ ಬರ್ತಾ ಎದುರಾಳಿ ಮರೆತುಹೋದ, ಕಂಬವೇ ಆಟವಾಯ್ತು. ನಕಲು ಅಸಲಾಗೋಕೆ ಹಿಂಗೂ ಒಂದು ದಾರಿ.

ಇಷ್ಟೆಲ್ಲ ಓದಿ ನನ್ನ ನಕಲಿನ ಬಗ್ಗೆ ನನಗೇ ಹೆಮ್ಮೆ ಬರೋ ಹೊತ್ತಿಗೆ ಚಿಕ್ಕಪ್ಪನ ಮಗ ಬಂದ. ಆಗ ಅವನಿಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ ಮಿಲಿಟರಿ ಭರ್ತಿಗೆ ತಯಾರಾಗ್ತಿದ್ದ. ಏಣಿಯನ್ನ ಒಂದು ಸುತ್ತು ಹಾಕಿ ನೋಡಿ ಕೇಳಿದ:

"ಅಣ್ಣ, ಈ ಪೈಪ್ನ ಅಲ್ಲಾಡ್ದಂಗೆ ಬಿಗಿಯಕ್ಕಾಯ್ತದಾ?"

"ಬಿಗಿದ್ರೆ ಅದು ಸಾಮನ್ ಲ್ಯಾಡರ್ ಆಗಲ್ಲ ಕಣೋ."

"ಅದಾಗ್ದಿದ್ರೆ ಬುಡಣ್ಣ. ನಂಗೆ ಬೀಮ್ ಬೇಕು."

ಗೊತ್ತಿಲ್ಲದವರಿಗೆ: ಸೇನೆಯ ರ‍್ಯಾಲಿಯಲ್ಲಿ ಮೊದಲು 1.6 ಕಿಲೋಮೀಟರ್ ಓಟ. ಆಮೇಲೆ ಬೀಮು, ಅಂದ್ರೆ ಅಡ್ಡಸರಳಿಗೆ ಜೋತುಬಿದ್ದು ಗದ್ದ ಮೇಲೆ ಬರೋ ಹಾಗೆ ಎಳೆಯೋದು. ಹತ್ತು ಎಳೆದರೆ ಪೂರ್ತಿ 40 ಅಂಕ. ಜೊತೆಗೆ ಒಂಬತ್ತು ಅಡಿಯ ಹಳ್ಳ ಹಾರಬೇಕು, ಅಂಕುಡೊಂಕು ಪಟ್ಟಿ ಮೇಲೆ ಬೀಳದೆ ನಡೀಬೇಕು. ಹಳ್ಳ ಅವನು ಆಗಲೇ ಹೊಲದ ಬದುವಲ್ಲಿ ಗುದ್ದಲಿ ಹಿಡಿದು ತೋಡ್ಕೊಂಡಿದ್ದ. ಅಳತೆಗೆ ಹಗ್ಗ, ಸುತ್ತ ಮರಳು. ನಾನು ಗಮನಿಸಿರಲೇ ಇಲ್ಲ. ನಾನು ನೆಟ್ಟ ಕಂಬಕ್ಕಿಂತ ಅದು ಎಷ್ಟೋ ಅಚ್ಚುಕಟ್ಟಾಗಿತ್ತು.

ಹೇಗೂ ಕಂಬ ತಿರುಚಿತ್ತು. ಕೊಕ್ಕೆ ಕಿತ್ತೆವು. ಅವನೇ ನಿಂತು ಗುಂಡಿಯನ್ನ ಇನ್ನೂ ಒಂದಡಿ ಆಳ ಮಾಡಿ, ಜೆಲ್ಲಿ ಸಿಮೆಂಟು ಹಾಕಿ, ಎರಡು ಕಬ್ಬಿಣದ ಪೈಪು ನೆಟ್ಟ. ಎಂಟಡಿ ಎತ್ತರದಲ್ಲಿ ಅಡ್ಡಸರಳು, ನಾಲ್ಕೂ ಕಡೆ ವೆಲ್ಡಿಂಗು. ಒಂದಿಂಚೂ ಅಲ್ಲಾಡಲಿಲ್ಲ. ಬೆಳಗಿನ ಜಾವ ಕೆರೆ ಏರಿ ಮೇಲೆ ಓಟ, ಆಮೇಲೆ ಬೀಮು. ಆರು ತಿಂಗಳಲ್ಲಿ ಹದಿನಾಲ್ಕು ಎಳೀತಿದ್ದ. ನಾನು ಎಣಿಸ್ತಿದ್ದೆ.

ರ‍್ಯಾಲಿ ಮಾತ್ರ ಬರಲಿಲ್ಲ. ಕೋವಿಡ್ ಅಂತ ಭರ್ತಿ ಎರಡು ವರ್ಷ ನಿಂತೇ ಹೋಯ್ತು. 2022ರ ಜೂನ್‌ನಲ್ಲಿ ಅಗ್ನಿಪಥ ಬಂತು, ನಾಲ್ಕು ವರ್ಷದ ನೌಕರಿ. ಎರಡು ವರ್ಷ ಕಾದವರಿಗೆ ಅಂತ ಆ ಒಂದು ಸಲಕ್ಕೆ ವಯಸ್ಸಿನ ಮಿತಿ 21ರಿಂದ 23ಕ್ಕೆ ಏರಿತು. ಇವನಿಗೆ ಆಗಲೇ 21 ತುಂಬಿತ್ತು. ಸಿಕ್ಕಿದ್ದು ಒಂದೇ ಅವಕಾಶ.

ನೂರಾರು ಹುಡುಗರ ಬ್ಯಾಚು, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಸೀಟಿ ಊದಿದ ಕೂಡಲೇ ಮೊದಲ ತಿರುವಲ್ಲೇ ಮೊಣಕೈ, ಭುಜ, ಧೂಳು. ಕೆರೆ ಏರಿ ಮೇಲೆ ಒಬ್ಬನೇ ಓಡಿ ಅಭ್ಯಾಸವಿದ್ದ ಇವನು ಹಿಂದೆ ಬಿದ್ದ. ಹೊರಗಿನಿಂದ ಸುತ್ತಿಕೊಂಡು ಮುಂದೆ ಬರೋ ಹೊತ್ತಿಗೆ ಹೊತ್ತು ಮೀರಿತ್ತು. ಐದೂಮುಕ್ಕಾಲು ನಿಮಿಷಕ್ಕೆ ಹಗ್ಗ ಬಿತ್ತು. ಇವನು ಹಗ್ಗದ ಈಚೆ ಕಡೆ. ಕೆಲವೇ ಸೆಕೆಂಡು. ಓಟದಲ್ಲಿ ಉಳಿದವರಿಗೆ ಮಾತ್ರ ಬೀಮು. ಎರಡು ವರ್ಷ ದಿನಾ ಹದಿನಾಲ್ಕು ಎಳೆದವನು ಆ ದಿನ ಬೀಮನ್ನ ಮುಟ್ಟಲೇ ಇಲ್ಲ.

ನಮ್ಮ ಕೆಲಸದಲ್ಲಿ ಇದನ್ನ ದಿನಾ ನೋಡ್ತೀವಿ. ಸ್ಟೇಜಿಂಗ್‌ನಲ್ಲಿ ಚೆನ್ನಾಗಿ ಓಡಿದ್ದು ಪ್ರೊಡಕ್ಷನ್‌ನಲ್ಲಿ ಬೀಳುತ್ತೆ, ಯಾಕಂದ್ರೆ ಸ್ಟೇಜಿಂಗ್‌ನಲ್ಲಿ ಜನ ಇರೋದಿಲ್ಲ. ಅಲ್ಲಿ ಬಿದ್ದರೆ ಸರಿ ಮಾಡಿ ಮತ್ತೆ ಬಿಡ್ತೀವಿ. ಇವನಿಗೆ ಮತ್ತೆ ಬಿಡೋ ಹಾಗಿರಲಿಲ್ಲ. ಮರುವರ್ಷ ಮಿತಿ ಪುನಃ 21ಕ್ಕೆ ಇಳಿಯಿತು. ನಾನು ಸಮಾಧಾನ ಹೇಳೋಕೆ ಹೋದಾಗ ಅವನೇ ಅಂದ: "ಬೀಮ್ ಕಟ್ಟುದ್ವಿ, ಹಳ್ಳ ತೋಡುದ್ವಿ. ಗುಂಪ್ನ ಎಲ್ಲಿಂದ ತರನಣ್ಣ?"

ಇದನ್ನ ಕೇಳಿದ ಮೇಲೆ ಸಾಸುಕೆ ನನಗೆ ಬೇರೆ ಥರ ಕಾಣುತ್ತೆ. ಮೀನಿನ ಏಣಿ ಇರೋದು ಎರಡನೇ ಹಂತದಲ್ಲಿ ಅಂದೆನಲ್ಲ. ನೂರರಲ್ಲಿ ಬಹುಪಾಲು ಜನ ಅದನ್ನ ಮುಟ್ಟೋದೇ ಇಲ್ಲ, ಮೊದಲ ಹಂತದಲ್ಲೇ ನೀರಲ್ಲಿರ್ತಾರೆ. ನಾನು ನಕಲು ಮಾಡಿದ್ದು ಜನರನ್ನ ಹೊರಗೆ ಹಾಕೋ ಅಡೆತಡೆಯನ್ನಲ್ಲ, ಕ್ಯಾಮೆರಾಗೆ ಚೆನ್ನಾಗಿ ಕಾಣೋದನ್ನ. ಚಿಕ್ಕಪ್ಪನ ಮಗನಿಗೂ ನಾನು ಕಟ್ಟಿಕೊಟ್ಟಿದ್ದು ಎರಡನೇ ಹಂತವೇ. ಓಟದ ಕಡೆ ನಾನು ತಿರುಗಿ ನೋಡಲಿಲ್ಲ, ಯಾಕಂದ್ರೆ ಓಟಕ್ಕೆ ಕಟ್ಟೋದೇನೂ ಇರಲಿಲ್ಲ, ಅಳೆಯೋದೇನೂ ಇರಲಿಲ್ಲ. ಅವನ ಜೊತೆ ನಾಲ್ಕು ಹುಡುಗರನ್ನ ಸೇರಿಸಿ ಏರಿ ಮೇಲೆ ತಳ್ಳಾಡಿಕೊಂಡು ಓಡಿ ಅನ್ನಬಹುದಿತ್ತು. ಹಾಗೆ ಓಡಿದ್ರೆ ಗೆದ್ದೇ ಬಿಡ್ತಿದ್ದ ಅಂತಲ್ಲ. ಆದ್ರೆ ಆ ಯೋಚನೆಯೇ ಬರಲಿಲ್ಲ.

ಒಳ್ಳೆ ನಕಲು ಯಾವುದು ಅಂತ ಈಗ ಯಾರಾದ್ರೂ ಕೇಳಿದ್ರೆ, ನೋಡೋಕೆ ಅಸಲಿನ ಹಾಗಿರೋದು ಅನ್ನಲ್ಲ. ಅಸಲು ನಿನ್ನನ್ನ ಎಲ್ಲಿ ಬೀಳಿಸುತ್ತೋ ಅಲ್ಲೇ ಬೀಳಿಸೋದು ಅಂತೀನಿ. ಬೋಸಿಯ ಗೋಡೆ ಅಂಥದ್ದು. ಮಲ್ಲಕಂಬದ ಎಣ್ಣೆಯೂ ಅದಕ್ಕೇ ಇರೋದು. ಈಗ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಕುದುರೆ ಸವಾರಿ ತೆಗೆದು, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ನಿಂಜಾ ಥರದ ಅಡೆತಡೆ ಓಟವನ್ನೇ ಸೇರಿಸಿದ್ದಾರೆ. ಇನ್ನು ನಮ್ಮ ಅಪಾರ್ಟ್‌ಮೆಂಟುಗಳಲ್ಲೂ ಇಂಥ ಕಂಬಗಳು ಏಳಬಹುದು. ಕಟ್ಟೋರಿಗೆ ಅನುಭವಸ್ಥನಾಗಿ ಮೂರು ಮಾತು: ಹಸಿ ಮರ ಬೇಡ, ಎರಡೂ ಕಂಬದ ತಲೆಗೆ ಅಡ್ಡಪಟ್ಟಿ ಕಟ್ಟಿ, ಗುಂಡಿಗೆ ಸಿಮೆಂಟು ಹಾಕೋಕೆ ಜಿಪುಣತನ ಮಾಡಬೇಡಿ.

ಬೀಮು ಇನ್ನೂ ಅಲ್ಲೇ ಇದೆ. ಬೀದಿಯ ಮೂರ್ನಾಲ್ಕು ಹುಡುಗರು ಬೆಳಿಗ್ಗೆ ಬಂದು ಎಳೀತಾರೆ. ಚಿಕ್ಕಪ್ಪನ ಮಗ ಈಗ ಬೆಂಗಳೂರಲ್ಲಿ ಒಂದು ಗೋಡೌನಿನಲ್ಲಿ ಕೆಲಸ ಮಾಡ್ತಾನೆ. ಹೋದ ತಿಂಗಳು ಒಂದು ಭಾನುವಾರ ಅವನನ್ನ ನಾನು ಹೋಗೋ ಬೋಲ್ಡರಿಂಗ್ ಜಿಮ್ಮಿಗೆ ಕರ್ಕೊಂಡು ಹೋದೆ. ಎಂಟ್ರಿ ಫೀಸು ನೋಡಿ ಅವನ ಮುಖ ಚಿಕ್ಕದಾಯ್ತು. ಬಾಡಿಗೆ ಶೂ ಹಾಕಿಕೊಂಡು, ಬಣ್ಣಬಣ್ಣದ ಹಿಡಿಕೆಗಳ ಗೋಡೆ ಮುಂದೆ ನಿಂತು ಕೇಳಿದ:

"ಅಣ್ಣ, ಇಲ್ಲಿ ಬಿದ್ರೆ?"

"ಏನಾಗಲ್ಲ. ಕೆಳಗೆ ಮೆತ್ತೆ ಇದೆ. ಮತ್ತೆ ಹತ್ತಬೋದು."

"ಎಷ್ಟ್ ಸಲ?"

"ಎಷ್ಟ್ ಸಲ ಬೇಕಾದ್ರೂ."

ಅವನು ನಂಬದವನ ಹಾಗೆ ನನ್ನ ಮುಖ ನೋಡಿದ. ಆಮೇಲೆ ಹತ್ತೋಕೆ ಶುರು ಮಾಡಿದ. ಲೈಟು ಆರಿಸ್ತೀವಿ ಅಂತ ಜಿಮ್ಮಿನವರು ಬಂದು ಹೇಳೋವರೆಗೂ ನಿಲ್ಲಿಸಲಿಲ್ಲ.